ಕೆಂಪು ಗೀಟು

ನಾನು ಹಾಡು ಬಲ್ಲವನಲ್ಲ. ಮೈಕ್‌ಸೆಟ್ಟಿನವನು.
ಮಂಡ್ಯದ ಗುತ್ತಲು ರಸ್ತೆಯಲ್ಲಿ ಅಂಗಡಿ,
ಎರಡು ಆಂಪ್ಲಿಫೈಯರು, ಆರು ಹಾರ್ನು, ಒಂದು ಸೈಕಲ್ಲು.
ಯಾರ ದನಿ ಎಂಥದ್ದು ಅಂತ ಕಿವಿಯಿಂದಲ್ಲ,
ಡಬ್ಬಿಯ ಮೇಲಿನ ಮುಳ್ಳಿನಿಂದ ತಿಳಿಯುವವನು.
ಮುಳ್ಳು ಕೆಂಪು ಗೀಟು ದಾಟಿದರೆ ಹಾರ್ನು ಕಿರುಚುತ್ತದೆ,
ತೀರಾ ಇಳಿದರೆ ಹಿಂದಿನ ಸಾಲಿನವರು ಶಿಳ್ಳೆ ಹಾಕುತ್ತಾರೆ.
ಇಷ್ಟೇ ನನ್ನ ಸಂಗೀತ.

ಜೀವರತ್ನ ಬಂದದ್ದು ಮೈಸೂರಿನಿಂದ, ಶಟಲ್ ರೈಲಿನಲ್ಲಿ.
ತಾಯಿ ಎಸ್ತೇರಮ್ಮ ಮಿಷನ್ ಆಸ್ಪತ್ರೆಯ ಆಯಾ,
ಹೆರಿಗೆ ವಾರ್ಡಿನ ನೆಲ ಒರೆಸುತ್ತ ಕೀರ್ತನೆ ಗುನುಗುವವಳು.
ಮಗಳಿಗೆ ಹಾಡು ಹತ್ತಿದ್ದು ಅಲ್ಲೇ ಅಂತೆ:
ಫಿನಾಯಿಲಿನ ವಾಸನೆ, ನೋವು ತಿನ್ನುವವರ ನರಳು,
ಅದರೊಳಗೆ ತಾಯಿಯದೊಂದು ಎಳೆ ದನಿ.
"ನಾನು ನರಳನ್ನೂ ಕಲಿತೆ, ಅಣ್ಣ," ಅಂದಿದ್ದಳು ಒಮ್ಮೆ
ದವಡೆಯಲ್ಲಿ ಲವಂಗ ಒತ್ತಿಕೊಂಡು,
"ಬರೀ ಕೀರ್ತನೆ ಕಲಿತಿದ್ದರೆ ಚರ್ಚೇ ಸಾಕಿತ್ತು."

ಬಾನುಲಿಯವರು ಎರಡು ಸಲ ವಾಪಸ್ಸು ಕಳಿಸಿದರು:
ದನಿ ದಪ್ಪ, ಹೆಣ್ಣಿಗೆ ಒಪ್ಪುವುದಿಲ್ಲ.
ಆ ಕಾಗದ ಮಡಚಿ ಚಪ್ಪಲಿಯೊಳಗಿಟ್ಟು
ಒಂದು ವರ್ಷ ಅದರ ಮೇಲೆ ನಡೆದಳು.
ನಿಜವೋ, ಅವಳು ಕಟ್ಟಿದ ಕತೆಯೋ.
ಕತೆ ಚೆನ್ನಾಗಿ ಕಟ್ಟುತ್ತಿದ್ದಳು.

ಸಕ್ಕರೆ ಕಾರ್ಖಾನೆ ಕಾರ್ಮಿಕರ ವಾರ್ಷಿಕೋತ್ಸವ.
ಅನೌನ್ಸರು ‘ಮಿಸ್ ರತ್ನ’ ಅಂತ ಅವಳ ಜೀವವನ್ನೇ ನುಂಗಿದ.
ಗಾಳಿಯಲ್ಲಿ ಕಾಕಂಬಿಯ ಹುಳಿ,
ಪಾಳಿ ಮುಗಿಸಿದವರು ಮೈಮೇಲೆ ಬೂದಿ ಹೊತ್ತೇ ಕೂತಿದ್ದರು.
ಎರಡನೇ ಹಾಡಿನ ಚರಣಕ್ಕೆ ಕರೆಂಟು ಹೋಯಿತು.

ಮುಳ್ಳು ಸೊನ್ನೆಗೆ ಬಿತ್ತು.
ನಾನು ಜನರೇಟರಿನ ಹಗ್ಗ ಎಳೆದೆ, ಬೈದೆ, ಮತ್ತೆ ಎಳೆದೆ.
ಕೀಬೋರ್ಡು ಸತ್ತಿತು, ಗಿಟಾರು ಸತ್ತಿತು,
ತಬಲಾದ ಬುಡೇನ್ ಸಾಬರು ಮಾತ್ರ ಕತ್ತಲಲ್ಲಿ ಕೈ ಬಿಡಲಿಲ್ಲ.
ಅವಳೂ ನಿಲ್ಲಿಸಲಿಲ್ಲ.
ಕಬ್ಬಿನ ಗಾಡಿಯ ಹಾಗೆ ಆ ದನಿ
ಭಾರ ಹೊತ್ತು, ಕೀಲು ಕಿರಗುಟ್ಟಿಸುತ್ತ, ಏರು ಹತ್ತಿತು.
ತೂಕದ ಮನೆಯ ಆಚೆ ನಿಂತ ಲಾರಿ ಸಾಲಿನಲ್ಲಿ
ಒಬ್ಬ ಡ್ರೈವರು ಹೆಡ್‌ಲೈಟು ಹಾಕಿದ.
ಇನ್ನೊಬ್ಬ.
ಆಮೇಲೆ ಎಣಿಸಲಿಲ್ಲ.
ಜನರೇಟರು ಹತ್ತಿಕೊಂಡಾಗ ನಾನು ಗುಂಡಿ ತಿರುಗಿಸಲಿಲ್ಲ.
ಬಾಡಿಗೆ ಪೂರ್ತಿ ತೆಗೆದುಕೊಂಡೆ.
ನಾಚಿಕೆಯಾಯಿತು. ಆದರೂ ತೆಗೆದುಕೊಂಡೆ.

ಮುಂದಿನದು ಊರಿಗೆಲ್ಲ ಗೊತ್ತು.
ಮದ್ರಾಸಿನ ಕರೆ, ಬಿಳಿ ಅಂಬಾಸಿಡರು, ಕ್ಯಾಸೆಟ್ಟಿನ ಮೇಲೆ ಮುಖ,
ದಸರೆಯಲ್ಲಿ ಅವಳನ್ನು ಕೇಳಲು ಜನ ಲೈಟುಕಂಬ ಹತ್ತಿದ್ದು,
ಅದೇ ಬಾನುಲಿ ಬೆಳಿಗ್ಗೆ ಬೆಳಿಗ್ಗೆ ಅವಳನ್ನೇ ಹಾಕಿದ್ದು.
ಗೊತ್ತಿಲ್ಲದ್ದು ಎರಡಿವೆ.
ಮೊದಲ ಕ್ಯಾಸೆಟ್ಟಿಗೆ ತಬಲಾ ನುಡಿಸಿದ್ದು ಯಾರೋ ಮದರಾಸಿನವರು,
ರಟ್ಟಿನ ಮೇಲೆ ಅಚ್ಚಾದದ್ದು ಬುಡೇನ್ ಸಾಬರ ಹೆಸರು.
ಮತ್ತೆ, ಮೈಸೂರಿಗೆ ಬಂದಾಗಲೆಲ್ಲ ಮುಸುಕು ಹೊದ್ದು
ಆ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು.
ಹಾಡುತ್ತಿರಲಿಲ್ಲ, ಕೇಳುತ್ತಿದ್ದಳು.

ಗಂಟಲಿನ ಆಪರೇಷನ್ನಾಗಿ ಮೂರು ತಿಂಗಳಿಗೆ
ಅಂಗಡಿಯ ಮುಂದೆ ಆಟೋ ಇಳಿದಳು, ಕತ್ತಿಗೆ ಹತ್ತಿಬಟ್ಟೆ.
ಚೀಟಿ ಬರೆದಳು: ಹಳೇ ಡಬ್ಬಿ ಇದೆಯಾ?
ಅಟ್ಟದ ಮೇಲಿತ್ತು. ಧೂಳು ಊದಿದೆ.
ವಾಲ್ವು ಕಾಯುವವರೆಗೂ ಟೀ ಕುಡಿದೆವು, ಅವಳದು ಆರಿಸಿ, ಗುಟುಕು ಗುಟುಕಾಗಿ.
ಮೈಕು ತುಟಿಗೆ ತಂದು ಉಸಿರು ಬಿಟ್ಟಳು.

ದನಿ ಇಲ್ಲ. ಪದ ಇಲ್ಲ.
ಎಳೆಯುವಲ್ಲಿ ಎಳೆದು, ಕಡಿಯುವಲ್ಲಿ ಕಡಿದು, ಬರೀ ಉಸಿರು.
ಮುಳ್ಳು ಎದ್ದಿತು, ತೂಗಿತು,
ಕೆಂಪು ಗೀಟಿಗೆ ಒಂದು ಕೂದಲಿನಷ್ಟು ಜಾಗ ಬಿಟ್ಟು ನಿಂತಿತು.
ಯಾವ ಹಾಡೆಂದು ನೋಡಿಯೇ ತಿಳಿಯಿತು ನನಗೆ,
ಕರೆಂಟು ಹೋದ ರಾತ್ರಿಯದು, ಎರಡನೇ ಚರಣ.
ತಾಳ ತಪ್ಪಿ ತಲೆ ಆಡಿಸಿದೆನೇನೋ. ನಕ್ಕಳು.

ಹೊರಡುವಾಗ ಮೇಜಿನ ಮೇಲೆ ಇಪ್ಪತ್ತು ರೂಪಾಯಿ.
ಬೇಡ ಅಂದೆ. ಚೀಟಿ ಬರೆದಳು: ಬಾಡಿಗೆ.

ಮಾರನೆಯ ದಿನ ಅದೇ ಮೈಕು ನಗರಸಭೆ ಚುನಾವಣೆಗೆ ಹೋಯಿತು.
ಬಂಧುಗಳೇ, ಅಂತ ಶುರುಮಾಡಿದ ಅಭ್ಯರ್ಥಿ
ಅಷ್ಟಕ್ಕೇ ನಿಲ್ಲಿಸಿ, ಮೂಗು ತಂದು, ನನ್ನ ಕಡೆ ತಿರುಗಿ ಕೇಳಿದ:
"ಏನ್ಲಾ ಜವರಪ್ಪ, ಲವಂಗದ ವಾಸ್ನೆ ಬತ್ತದಲ್ಲ?"